ಎರಡನೆಯ ಸಲ ಮೂರನೆಯ ಇಯತ್ತೆ

ಲೀಲಾಕ್ಷಿ ಮೂರನೆಯ ಇಯತ್ತೆಯಲ್ಲೇ ಮುದುಕಿಯಾಗಿಬಿಟ್ಟರೆ? ಗೋದಾಳಿಗೆ ಹತ್ತಿದ ಚಿಂತೆ ಇದು. ಅಕ್ಕಿ ಆರಿಸುವಾಗ, ಹಾಲಿನ ಬೂತಿನ ಪಾಳಿಯಲ್ಲಿ ನಿಂತಾಗ, ಗಂಡನ ಡಬ್ಬಿ ಕಟ್ಟುವಾಗ ಅದೇ ಚಿತ್ರ ಕಣ್ಣ ಮುಂದೆ ಬರುತ್ತಿತ್ತು: ನರೆತ ಕೂದಲಿನ ಮಗಳು ಸಣ್ಣ ಮಕ್ಕಳ ನಡುವೆ ಕೂತು ಹನ್ನೆರಡರ ಮಗ್ಗಿ ಹೇಳುತ್ತಿದ್ದಾಳೆ. ಚಿಂತೆ ಮಾಡುವುದರಲ್ಲಿ ಗೋದಾ ಮೊದಲಿನಿಂದಲೂ ಹುಷಾರು. ಬೆಳಗಾವಿಯಲ್ಲಿ ಮ್ಯಾಟ್ರಿಕ್ ಪರೀಕ್ಷೆಗೆ ಹೋಗುವಾಗ ಬಸ್ಸು ಕೆಟ್ಟು ನಿಂತರೆ ಎಂದು ನಡೆದೇ ಹೋದವಳು. ನಡೆಯುವಾಗ ಚಪ್ಪಲಿ ಹರಿದರೆ ಎಂದು ಇನ್ನೊಂದು ಜೋಡಿ ಚೀಲದಲ್ಲಿ ಇಟ್ಟುಕೊಂಡವಳು. ಆದರೆ ಈ ಸಲದ ಚಿಂತೆಗೆ ಬುಡವಿತ್ತು.

ಲೀಲಾಕ್ಷಿಗೆ ಒಂದೂವರೆ ವರ್ಷವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿತ್ತು. ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಹಾಕಿಕೊಂಡು ಸಪಾಟು ನೆಲದ ಮೇಲೆ ಖಟ್ ಖಟ್ ಎಂದು ಅವ್ವನಿಗಿಂತ ಮುಂದೆ ನಡೆಯುತ್ತಿದ್ದಳು. ಕಡಿದಾದ ಮೆಟ್ಟಿಲು ಮಾತ್ರ ಆಗುತ್ತಿರಲಿಲ್ಲ. ಅವಳು ಹೋಗುತ್ತಿದ್ದ ವಾಗ್ವಿಲಾಸ ಕನ್ನಡ ಶಾಲೆ ಇದ್ದದ್ದು ಪುಣೆಯ ಪೇಠೆಯೊಂದರ ಹಳೆಯ ವಾಡೆಯಲ್ಲಿ. ಒಂದರಿಂದ ಮೂರನೆಯ ಇಯತ್ತೆ ಕೆಳಗೆ, ನಾಲ್ಕನೆಯದು ಮೇಲೆ. ನಡುವಿನ ಕಟ್ಟಿಗೆಯ ಮೆಟ್ಟಿಲುಗಳನ್ನು ಪೇಶವೆಗಳ ಕಾಲದಲ್ಲಿ ಶತ್ರುಗಳು ಹತ್ತಬಾರದೆಂದೇ ಮಾಡಿಸಿರಬೇಕು. ಹೀಗಾಗಿ ಮೂರನೆಯ ಇಯತ್ತೆಯನ್ನು ಎರಡನೆಯ ನಂಬರಿನಲ್ಲಿ ಪಾಸಾದ ಲೀಲಾಕ್ಷಿ, ಎಂಬತ್ತೊಂದರ ಜೂನಿನಲ್ಲಿ ಶಾಲೆ ಸುರುವಾದಾಗ ಮತ್ತೆ ಮೂರನೆಯ ಇಯತ್ತೆಯಲ್ಲೇ ಕೂತಳು.

“ಸದ್ಯಕ್ಕ ಅಲ್ಲೇ ಕೂಡ್ಲಿ ಬಾಯಿ,” ಅಂದರು ಹೆಡ್‌ಮಾಸ್ತರ ಅವಧೂತರಾಯರು. “ಪಾಯಾ ಗಟ್ಟಿ ಆಗ್ತದ.”

“ಪಾಸಾಗ್ಯಾಳಲ್ರೀ ಸರ.”

“ಯಾರು ಇಲ್ಲ ಅಂದ್ರು? ಹುಡುಗಿ ಪಾಸಾಗ್ಯಾಳ. ಕಾಲು ಪಾಸಾಗಿಲ್ಲ.”

ಗೋದಾ ಅಂಗಳದ ಆಚೆ ಕೀಲಿ ಹಾಕಿದ್ದ ದೊಡ್ಡ ಕೋಣೆಯತ್ತ ಅಳುಕುತ್ತ ಕೈ ತೋರಿಸಿದಳು. “ಆ ಖೋಲಿ ಕೆಳಗೇ ಅದಲ್ರೀ? ನಾಕನೇ ಇಯತ್ತೆ ಅಲ್ಲಿ...”

ರಾಯರಿಗೆ ನೋವಾಯಿತು. ಅದು ಭಾಂಡೆಗಳ ಖೋಲಿ. ಶಾಲೆ ನಡೆಸುವ ಮಂಡಳ ಮದುವೆ ಮುಂಜಿಗಳಿಗೆ ಬಾಡಿಗೆ ಕೊಡುವ ಹಂಡೆ, ಕೊಪ್ಪರಿಗೆ, ಜಮಖಾನೆಗಳು ಅಲ್ಲಿ ವಿಶ್ರಾಂತಿ ಪಡೆಯುತ್ತಿದ್ದವು.

“ಹಂಡೆಗೋಳು ಮೆಟ್ಟಲಾ ಹತ್ತತಾವೇನ್ರೀ? ಸ್ವಲ್ಪ ವಿಚಾರ ಮಾಡಿ ಮಾತಾಡ್ರಿ. ಇಂಥಾ ಹುಡುಗ್ರಿಗೆ ಕೆಳಗ ವರ್ಗ ಕೊಡಬೇಕು ಅಂತ ಎಲ್ಲೆರೆ ಕಾಯದೆ ಇದ್ರ ತೋರಸ್ರಿ, ನಾಳೇನ ಮಾಡ್ತೀನಿ.”

ಅಂಥ ಕಾಯದೆ ಇತ್ತೋ ಇಲ್ಲವೋ ಗೋದಾಳಿಗೆ ಏನು ಗೊತ್ತು? ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದ ಗಂಡ ಪ್ರಲ್ಹಾದನನ್ನು ಕೇಳಿದಳು. ಅವನು ಚಹಾ ಬಸಿಗೆ ಸುರುವಿಕೊಳ್ಳುತ್ತ ಹೇಳಿದ: “ನೌಕರಿಯೊಳಗ ಅಂಗವಿಕಲರಿಗೆ ನೂರಕ್ಕ ಮೂರು ಜಾಗಾ ಅಂತ ಆದೇಶ ಅದ. ಆ ನೌಕರಿ ಇರೋ ಮಾಳಿಗಿ ಹ್ಯಾಂಗ ಹತ್ತಬೇಕು ಅಂತ ಯಾರೂ ಬರದಿಲ್ಲ. ನಮ್ಮ ಆಫೀಸಿಗೆ ಒಬ್ಬವ ಬಂದಾನ, ಎರಡೂ ಕಂಕುಳಾಗ ಊರಗೋಲು. ಮೂರನೇ ಮಜಲಿ. ಮುಂಜಾನೆ ಹತ್ತಿದಾಂವ ಸಂಜಿಗೇ ಇಳಿಯೂದು, ನಡುವ ಚಹಾಕ್ಕೂ ಇಳಿಯಾಂಗಿಲ್ಲ. ಸಾಹೇಬ್ರು ನಮಗ ಹೇಳ್ತಾರ, ಇವನ್ನ ನೋಡಿ ಕಲೀರಿ, ಕೆಲಸದ ಮ್ಯಾಲೆ ಎಷ್ಟು ಶ್ರದ್ಧಾ ಅಂತ.”

ಜುಲೈ ಬಂತು. ಒಂದು ಸಂಜೆ ಅವಧೂತರಾಯರೇ ಛತ್ರಿ ಮಡಚುತ್ತ ಗೋದಾಳ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಪೇಢೆಯ ಪುಡಿಕೆ ಬೇರೆ. ಗೋದಾಳಿಗೆ ಹೊಸ ಚಿಂತೆ ಹತ್ತಿತು. ಒಳ್ಳೆಯ ಸುದ್ದಿಗೆ ಯಾರೂ ಇಷ್ಟು ಮಳೆಯಲ್ಲಿ ಬರುವುದಿಲ್ಲ.

“ಈ ವರ್ಷ ಇಡೀ ಜಗತ್ತಿಗೇ ಅಂಗವಿಕಲರ ವರ್ಷ ಬಾಯಿ! ರವಿವಾರ ನಮ್ಮ ಸಾಲ್ಯಾಗ ದೊಡ್ಡ ಕಾರ್ಯಕ್ರಮ. ಮುಂಬಯಿಯಿಂದ ಉಪಮಂತ್ರಿಗಳು ಬರ್ತಾರ. ಲೀಲಾಕ್ಷಿ ಸ್ಟೇಜಿನ ಮ್ಯಾಲೆ ಅವರಿಗೆ ಹೂವು ಕೊಡಬೇಕು. ನಮ್ಮ ಸಾಲಿಗೆ ಅಂಗವಿಕಲ ಅಂತ ಇರಾಕಿ ಅಕಿ ಒಬ್ಬಾಕೇ!”

ಅಪರೂಪದ ಹಕ್ಕಿ ಸಾಕಿದವರ ಹೆಮ್ಮೆ ಅವರ ದನಿಯಲ್ಲಿತ್ತು. ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದಿದ್ದ ಮರೆಮ್ಮ ಹೋದ ವರ್ಷ ಊರುಗೋಲಿನ ಮಗಳನ್ನು ಕರೆದುಕೊಂಡು ಬಂದಾಗ, “ನಮ್ಮಲ್ಲಿ ಮೆಟ್ಟಲಾ ಅವ” ಎಂದು ಗೇಟಿನಿಂದಲೇ ತಿರುಗಿಸಿ ಕಳಿಸಿದ್ದು ಅವರಿಗೆ ನೆನಪಿದ್ದಂತಿರಲಿಲ್ಲ. ಗೋದಾಳಿಗೆ ನೆನಪಿತ್ತು. ಆದರೂ ಪೇಢೆ ತೆಗೆದುಕೊಂಡು ಹೂಂ ಅಂದಳು. ಊಹೂಂ ಅನ್ನುವುದು ಅವಳ ಬಾಯಿಗೆ ರೂಢಿಯೇ ಇರಲಿಲ್ಲ.

ಶುಕ್ರವಾರ ಮಗಳನ್ನು ಕರೆತರಲು ಹೋದಾಗ ಶಾಲೆಯ ಅಂಗಳದಲ್ಲಿ ತಗಡಿನ ಚಪ್ಪರದ ಕೆಳಗೆ ಸ್ಟೇಜು ಎದ್ದಿತ್ತು. ಅದರ ನಾಲ್ಕು ಮೆಟ್ಟಿಲಿನ ಪಕ್ಕದಲ್ಲಿ ಹೊಸ ಹಲಗೆಯ ಇಳಿಜಾರು, ಕೈಹಿಡಿಕೆ ಕೂಡ. ಬಡಿಗ ಅದರ ಮೇಲೆ ಕೆಂಪು ಜಮಖಾನೆ ಎಳೆದು ಮೊಳೆ ಹೊಡೆಯುತ್ತಿದ್ದ. ರಾಯರು ಪಕ್ಕದಲ್ಲೇ ನಿಂತು ಕೆಲಸ ಮಾಡಿಸುತ್ತಿದ್ದರು. ಇಷ್ಟು ದಿನ ಈ ಮನುಷ್ಯನನ್ನು ಮನಸ್ಸಿನಲ್ಲೇ ಎಷ್ಟು ಬೈದೆನಲ್ಲ ಎಂದು ಗೋದಾಳಿಗೆ ನಾಚಿಕೆಯಾಯಿತು.

“ಸರ, ಭಾಳ ಉಪಕಾರ ಆತ್ರಿ. ಅಕಿ ಸಲುವಾಗಿ ಇಷ್ಟೆಲ್ಲಾ...”

“ಯಾರ ಸಲುವಾಗಿ?” ರಾಯರು ಇಳಿಜಾರನ್ನು ನೋಡಿದರು, ಗೋದಾಳನ್ನು ನೋಡಿದರು, ನಕ್ಕರು. “ಛೇ ಛೇ! ಅದು ಮಂತ್ರಿಗಳಿಗ್ರೀ. ಅವರ ಮೊಣಕಾಲು ಬಾತದ, ನಾಕು ಮೆಟ್ಟಲಾ ಸುದ್ಧಾ ಹತ್ತಲಿಕ್ಕಾಗೂದಿಲ್ಲಂತ. ನಿನ್ನೆ ಫೋನ್ ಬಂತು, ಇವತ್ತ ತಯಾರ!”

“ಮತ್ತ ಲೀಲಾ?”

“ಅಕಿನ್ನ ಇಬ್ಬರು ಮಾಸ್ತರು ಎತ್ತಿಕೊಂಡು ಬರ್ತಾರ. ಫೋಟೋದಾಗ ಛಲೋ ಕಾಣಸ್ತದ.”

ಮನೆಯ ದಾರಿಯಲ್ಲಿ ಲೀಲಾಕ್ಷಿ ಹೇಳಿದಳು: “ಅವ್ವಾ, ಆ ಹಲಗಿ ಮ್ಯಾಲೆ ನಾ ಒಬ್ಬಾಕೇ ಹತ್ತಿದ್ದೆ. ಯಾರೂ ಹಿಡಕೊಂಡಿದ್ದಿಲ್ಲ. ಆಮ್ಯಾಲೆ ಸರ ಬೈದ್ರು, ಮಂತ್ರಿಗಳು ಬರೂಕಿಂತ ಮೊದಲ ಹೊಲಸ ಮಾಡಬ್ಯಾಡ ಅಂತ.”



ಮರುದಿನ ಮುಂಜಾನೆ ಗೋದಾ ಓಣಿಯ ಔಷಧಿ ಅಂಗಡಿಗೆ ಹೋಗಿ ಫೋನಿನ ಮುಂದೆ ನಿಂತಳು. ಶಾಲೆಯ ನಂಬರು ತಿರುಗಿಸಿ, ಅತ್ತ ಗಂಟೆ ಬಾರಿಸುತ್ತಲೇ ಇಟ್ಟುಬಿಟ್ಟಳು. ಶಾಲೆಯಿಂದ ಮಗಳ ಹೆಸರನ್ನೇ ತೆಗೆದರೆ? ನಮ್ಮ ಜನದಲ್ಲಿ ಹೆಸರು ಕೆಟ್ಟರೆ? ಮಂತ್ರಿ ಸಿಟ್ಟಾಗಿ ಗಂಡನನ್ನು ದೂರದ ಚಂದ್ರಪುರಕ್ಕೆ ಬದಲಿ ಮಾಡಿಸಿದರೆ? ಚಂದ್ರಪುರದ ಶಾಲೆ ಎಷ್ಟು ಮಜಲಿನದೋ? ಅಂಗಡಿಯವನು “ಕಾಯ್ ಝಾಲಂ ವಹಿನಿ?” ಎಂದು ಕೇಳಿದ. ಏನೂ ಆಗಿಲ್ಲವೆಂದು ತಲೆಯಾಡಿಸಿ ಮತ್ತೆ ತಿರುಗಿಸಿದಳು.

“ಸರ, ನಾ ಗೋದಾ. ಲೀಲಾಕ್ಷಿ ನಾಳೆ ಬರೂದಿಲ್ಲ.”

“ಅಯ್ಯ, ಜ್ವರಾ ಬಂದಾವೇನು?”

“ಆರಾಮ ಇದ್ದಾಳ್ರಿ. ನಾಕನೇ ಇಯತ್ತೆ ಕೆಳಗ ಬಂದ್ರ ಬರ್ತಾಳ.”



“ಬಾಯಿ, ಅಂಗವಿಕಲರ ವರ್ಷದ ಕಾರ್ಯಕ್ರಮಕ್ಕ ಅಂಗವಿಕಲರೇ ಇಲ್ಲಂದ್ರ ಹ್ಯಾಂಗ? ನಾ ಈಗ ಎಲ್ಲಿಂದ ತರ್ಲಿ?”

“ಮರೆಮ್ಮನ ಮಗಳು ಇದ್ದಾಳಲ್ರೀ.”

ರಾಯರು ಕೆಮ್ಮಿದರು. “ಮಂಡಳದ ಭಾಂಡೆ ಎಲ್ಲಿಡ್ಲಿ?”

“ಮ್ಯಾಲೆ ಇಡ್ರಿ. ಇಬ್ಬರು ಮಾಸ್ತರು ಎತ್ತಿಕೊಂಡು ಹೋಗ್ತಾರ.”

“ನೀವು ಹಿಂಗ ಮಾತಾಡಾವ್ರಲ್ಲ ಬಾಯಿ.”

“ಹೌದ್ರಿ. ನನಗೂ ಅಂಜಿಕಿ ಆಗಲಿಕತ್ತದ. ಲಗೂ ಹೇಳ್ರಿ.”

“ಆತು, ಆತು. ಸೋಮವಾರ ನೋಡೋಣು.”

“ಸೋಮವಾರ ಮಂತ್ರಿಗಳು ಇರೂದಿಲ್ರಿ ಸರ. ನಾಳೆ ಮುಂಜಾನೆ ಹತ್ತಕ್ಕ ಬಂದು ನಾನ ಖೋಲಿ ನೋಡ್ತೀನಿ. ಬೆಂಚು ಹಾಕಿದ್ದು ಕಂಡ್ರ ಅಕಿನ್ನ ಒಳಗ ಕರಕೊಂಡು ಬರ್ತೀನಿ. ಅವರು ಬರೂದು ಎಷ್ಟಕ್ಕ?”

“ಹನ್ನೊಂದಕ್ಕ,” ಎಂದರು ಅವಧೂತರಾಯರು. ರಿಸೀವರು ಇಡುವುದಕ್ಕೂ ಮೊದಲೇ ಅವರು ಇಬ್ಬರು ಮಾಸ್ತರರ ಹೆಸರು ಹಿಡಿದು ಕೂಗಿದ್ದು ಗೋದಾಳಿಗೆ ಕೇಳಿಸಿತು.