ಭಾವನ ಲೈಬ್ರರಿಯ ದೆವ್ವ

ಕಟ್ಟುಹಲ್ಲು ಮಾಡುವ ಆ ಲ್ಯಾಬಿನಲ್ಲಿ ಇದ್ದವರು ಇಬ್ಬರೇ, ಭಾವ ಮತ್ತು ಮೈದುನ. ಮೈದುನ ಎಂದರೆ ಹೆಂಡತಿಯ ತಮ್ಮ. ಅವನು ಬೆಳಗಿನಿಂದ ಸಂಜೆಯವರೆಗೆ ‘ಭಾವ, ಭಾವ’ ಎಂದು ಕೂಗುತ್ತಿದ್ದುದರಿಂದ ಬೀದಿಯವರಿಗೆಲ್ಲ ಅವರು ಭಾವನೇ ಆಗಿಬಿಟ್ಟಿದ್ದರು. ಹಾಲಿನವನಿಗೂ ಭಾವ, ಹಲ್ಲಿನ ಡಾಕ್ಟರಿಗೂ ಭಾವ. ಕರೆಂಟಿನ ಮೀಟರ್ ಓದಲು ಬಂದವನು ಒಮ್ಮೆ ಹೆಸರು ಕೇಳಿದಾಗ ಅವರಿಗೇ ಒಂದು ಕ್ಷಣ ನೆನಪಾಗಲಿಲ್ಲವಂತೆ. ಇದು ಆ ಬೀದಿಯ ದಂತಕಥೆ. ಹಲ್ಲಿನ ಅಂಗಡಿಯಲ್ಲಿ ಬೇರೆ ಯಾವ ಕಥೆ ಹುಟ್ಟೀತು?

ಕೆಲಸ ಹೀಗೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಎಬ್ಬಿಸಿ, ದವಡೆಯ ಮೇಲೆ ಮೇಣದ ಒಸಡು ಕಟ್ಟಿ, ಆ ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಬೇಕು. ಮೇಣದಲ್ಲಿರುವ ತನಕ ಹಲ್ಲು ಹೇಳಿದ ಮಾತು ಕೇಳುತ್ತದೆ. ಹೇಗೆ ತಿರುಗಿಸಿದರೆ ಹಾಗೆ ತಿರುಗುತ್ತದೆ. ಆಮೇಲೆ ಮೇಣ ಕರಗಿಸಿ, ಅದರ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಕುದಿಸಿಬಿಟ್ಟರೆ ಮುಗಿಯಿತು, ಬ್ರಹ್ಮ ಬಂದರೂ ಅಲ್ಲಾಡುವುದಿಲ್ಲ.

ಭಾವ ನಿಲ್ಲಿಸಿದ ಹಲ್ಲುಗಳು ಕವಾಯತಿಗೆ ನಿಂತ ಸಿಪಾಯಿಗಳ ಹಾಗೆ ಇರುತ್ತಿದ್ದವು. ಒಂದರ ಮೂಗು ಇನ್ನೊಂದರ ಮುಂದೆ ಬರುವಂತಿಲ್ಲ. ಮೈದುನನದು ಬೇರೆ ದಾರಿ. ಅವನು ಗಿರಾಕಿಯ ಹಳೆಯ ಫೋಟೋ ತರಿಸಿಕೊಳ್ಳುತ್ತಿದ್ದ. ಆ ಬಾಯಲ್ಲಿ ಮೊದಲು ಯಾವ ಹಲ್ಲು ವಾಲಿತ್ತು, ಯಾವುದು ಮೊಂಡಾಗಿತ್ತು ಎಂದು ಭೂತಕನ್ನಡಿ ಹಿಡಿದು ನೋಡಿ, ಅಷ್ಟೇ ವಾರೆಯಾಗಿ ನಿಲ್ಲಿಸುತ್ತಿದ್ದ. ಅವನು ಸಂಜೆ ಮನೆಗೆ ಹೋದ ಮೇಲೆ ಭಾವ ಸ್ಪಿರಿಟ್ ದೀಪ ಹಚ್ಚಿ, ಚಾಕು ಬಿಸಿ ಮಾಡಿ, ಅವುಗಳನ್ನೆಲ್ಲ ಸಾಲಿಗೆ ತರುತ್ತಿದ್ದರು. ಹುಡುಗನ ತಪ್ಪು ತಿದ್ದುತ್ತಿದ್ದೇನೆ ಎಂದೇ ಅವರ ನಂಬಿಕೆ. ಆ ಹುಡುಗನ ಮೀಸೆ ಅರ್ಧ ನೆರೆತಿದ್ದದ್ದು ಅವರ ಗಮನಕ್ಕೆ ಬಂದಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವಾಕೆಯ ಹಲ್ಲಿನ ಸೆಟ್ಟಿನಲ್ಲಿ ಈ ಪದ್ಧತಿಗೆ ಕೊನೆ ಬಂತು. ಆಕೆಯ ಫೋಟೋದಲ್ಲಿ ಮುಂದಿನ ಒಂದು ಹಲ್ಲು, ಪಕ್ಕದವಳ ಹೆಗಲಿಗೆ ತಲೆ ಒರಗಿಸಿದ ಗೆಳತಿಯ ಹಾಗೆ ವಾಲಿತ್ತು. ಮೈದುನ ಹಾಗೇ ಇಟ್ಟಿದ್ದ. ಭಾವ ಗೆಳತಿಯರನ್ನು ಬಿಡಿಸಿ ನೆಟ್ಟಗೆ ನಿಲ್ಲಿಸಿ ಕುದಿಸಿಬಿಟ್ಟರು. ಆಕೆ ಹಾಕಿಕೊಂಡು ಕನ್ನಡಿ ನೋಡಿ, “ಬಹಳ ಚೆನ್ನಾಗಿದೆ. ಯಾರದು?” ಅಂದಳು.

ಭಾವ ಅದನ್ನು ಹೊಗಳಿಕೆ ಎಂದುಕೊಂಡರು. ಮೈದುನ ಅಂದಿನಿಂದ ಭಾವನ ಹತ್ತಿರ ಮಾತು ಬಿಟ್ಟ.

ಊರಿಗೆಲ್ಲ ಬಾಯಿ ಮಾಡಿಕೊಡುವ ಇಬ್ಬರು ತಮ್ಮ ಬಾಯಿ ಹೊಲಿದುಕೊಂಡು ಒಂದೇ ಮೇಜಿನ ಎರಡು ಬದಿಗೆ ಕೂತರು. ಹೇಳಲೇಬೇಕಾದ್ದಿದ್ದರೆ ಫ್ಯಾನಿಗೆ ಹೇಳುತ್ತಿದ್ದರು. ಪ್ಲಾಸ್ಟರ್ ಮುಗಿಯುತ್ತ ಬಂತು, ಯಾರಾದರೂ ತರುತ್ತಾರೋ ಏನೋ ಎಂದು ಭಾವ ಫ್ಯಾನನ್ನು ಕೇಳಿದರೆ, ಆಗಲೇ ತಂದು ಮೂಲೆಯಲ್ಲಿಟ್ಟಿದೆ, ಕಣ್ಣಿದ್ದವರಿಗೆ ಕಾಣುತ್ತದೆ ಎಂದು ಮೈದುನ ಕ್ಯಾಲೆಂಡರಿಗೆ ಉತ್ತರ ಕೊಡುತ್ತಿದ್ದ. ದೊಡ್ಡ ಸುದ್ದಿಗಳೆಲ್ಲ ಭಾವನ ಹೆಂಡತಿಯ ಮೂಲಕ ಓಡಾಡುತ್ತಿದ್ದವು. ಹಾಗೇ ಒಂದು ದಿನ ಊಟಕ್ಕೆ ಕೂತಾಗ ಆ ಸುದ್ದಿಯೂ ಬಂತು. ಸೇತುವೆಯ ಆಚೆಗಿನ ದೊಡ್ಡ ಲ್ಯಾಬಿನವರು ತಮ್ಮನನ್ನು ಕರೆದಿದ್ದಾರೆ, ಈ ತಿಂಗಳು ಮುಗಿಯುತ್ತಲೇ ಹೊರಡುತ್ತಾನಂತೆ.

“ಹೋಗ್ಲಿ ಬಿಡು,” ಎಂದರು ಭಾವ. ಅವತ್ತು ಅವರಿಗೆ ಊಟ ಸೇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಬಂದವನನ್ನು ಕೈ ಹಿಡಿದು ಮೇಣ ಕಾಯಿಸುವುದರಿಂದ ಮೊದಲಾಗಿ ಎಲ್ಲ ಕಲಿಸಿದ್ದು ಅವರೇ. ಅವನಿಲ್ಲದ ಲ್ಯಾಬನ್ನು ಕಲ್ಪಿಸಿಕೊಳ್ಳಲು ಹೋದರೆ ಮೇಜಿನ ಆ ಬದಿಯ ಖಾಲಿ ಸ್ಟೂಲೊಂದೇ ಕಾಣುತ್ತಿತ್ತು. ಆದರೆ ಹೋಗಬೇಡ ಎನ್ನಲು ಮೊದಲು ಮಾತಾಡಬೇಕಲ್ಲ. ಮಾತು ಬಿಟ್ಟವನೇ ಮೊದಲು ಹಿಡಿಯಲಿ ಎಂದು ಅವರು ಹಲ್ಲು ಕಚ್ಚಿ ಕೂತರು. ಅವರ ಹಲ್ಲು ಇನ್ನೂ ಸ್ವಂತದ್ದೇ.

ಈ ಮೌನದ ಕಾಲದಲ್ಲೇ ಭಾವನ ಮಗಳು ರಜಕ್ಕೆ ಬಂದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಿಗೆ ಅಪ್ಪನ ರೋಗ ಪತ್ತೆ ಹಚ್ಚಲು ಹೊತ್ತು ಬೇಕಾಗಲಿಲ್ಲ. ಹಲ್ಲಿನ ಕೆಲಸದಲ್ಲಿ ಅರ್ಧ ಪಾಲು ಕಾಯುವುದೇ. ಪ್ಲಾಸ್ಟರ್ ಗಟ್ಟಿಯಾಗಲು ಕಾಯಬೇಕು, ಕುದಿಸಿದ್ದು ಆರಲು ಕಾಯಬೇಕು. ಮೊದಲು ಆ ಹೊತ್ತು ಇಬ್ಬರ ಹರಟೆಯಲ್ಲಿ ಕರಗುತ್ತಿತ್ತು. ಈಗ ಅಪ್ಪ ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಕಿಟಕಿಗೂ ಅಲೆಯುತ್ತಿದ್ದರು. ಬಿಲ್ಲು ಹೊಡೆಯಲು ಇಟ್ಟಿದ್ದ ಕಂಪ್ಯೂಟರಿಗೆ ಅವಳು ಒಂದು ಆಟ ಹಾಕಿಕೊಟ್ಟಳು. ಇದರಲ್ಲಿ ಯಾರೂ ಓಡುವುದಿಲ್ಲ, ಯಾರೂ ಗುಂಡು ಹಾರಿಸುವುದಿಲ್ಲ, ಗೆಲ್ಲುವ ಆತುರವೂ ಇಲ್ಲ ಎಂದು ಹೇಳಿ ಹೋದಳು.

ಆಟದಲ್ಲಿ ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ, ಅದರ ತುಂಬ ಮಾಟ ಮಂತ್ರದ ಪುಸ್ತಕಗಳು. ಹಿಂದಿದ್ದ ಲೈಬ್ರರಿಯನ್ ಎತ್ತಲೋ ಮಾಯವಾಗಿದ್ದಾನೆ, ಹೊಸ ಲೈಬ್ರರಿಯನ್ ನಾವೇ. ಕೋಣೆಗಳನ್ನು ಒಂದೊಂದಾಗಿ ತೆರೆಯಬೇಕು, ಧೂಳು ಹೊಡೆಯಬೇಕು, ಪುಸ್ತಕಗಳನ್ನು ಕಪಾಟಿಗೆ ಜೋಡಿಸಬೇಕು. ಒಂದು ಪುಸ್ತಕ ಓದಿ ಮುಗಿಸುವುದರೊಳಗೆ ತೆರೆಯ ಮೂಲೆಯ ಗಡಿಯಾರ ಬಸವನಹುಳುವಿನಂತೆ ತೆವಳುತ್ತ ಹೋಗಿ ಬಂಗಲೆಯ ಕಿಟಕಿಯಾಚೆ ಋತುವೇ ಬದಲಾಗುತ್ತಿತ್ತು. ನಡುನಡುವೆ ಮಂಜಿನೊಳಗಿಂದ ಓದುಗರು ಬರುತ್ತಿದ್ದರು: ನೆರಳು ಕಳೆದುಕೊಂಡ ಹೆಂಗಸು, ಸತ್ತ ಅಣ್ಣನ ಕೆಮ್ಮು ಗೋಡೆಯೊಳಗಿಂದ ಕೇಳಿಸುತ್ತದೆ ಎನ್ನುವ ಮುದುಕ. ಅವರವರ ಸಂಕಟಕ್ಕೆ ತಕ್ಕ ಪುಸ್ತಕವನ್ನು ಹುಡುಕಿ ಕೊಡಬೇಕು. ಜೋಡಣೆ ಸರಿಯಾದ ಕಪಾಟಿನ ಮೇಲೆ ಒಂದು ಪುಟ್ಟ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ.

ಭಾವನಿಗೆ ಆಟ ಹಿಡಿಸಿತು. ಅವರು ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ, ಬೆನ್ನಿಗೆ ಬೆನ್ನು ಸಮನಾಗಿ, ಸಾಲು ಕೆಡದಂತೆ ನಿಲ್ಲಿಸಿದರು. ನೋಡಲು ಕಣ್ಣಿಗೆ ಹಬ್ಬ. ದೀಪ ಮಾತ್ರ ಒಂದೂ ಹೊತ್ತಲಿಲ್ಲ. ಬಲ್ಬು ಹೋಗಿರಬಹುದು ಎಂದು ಮಗಳಿಗೆ ಫೋನು ಮಾಡಿದರು. ಅವಳು ನಕ್ಕು, ಆ ಪುಸ್ತಕಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವ ಇದೆ, ಯಾವುದರ ಪಕ್ಕ ಯಾವುದು ನೆಮ್ಮದಿಯಾಗಿರುತ್ತದೆ ಎಂದು ನೋಡಬೇಕು ಎಂದಳು. ಪುಸ್ತಕಕ್ಕೂ ಸ್ವಭಾವವೇ ಎಂದು ಭಾವ ಫೋನಿಟ್ಟು ಮತ್ತೆ ಸಾಲು ಸರಿಮಾಡಿದರು.

ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋಗಿ ಒಂದು ಕೋಳಿನಿದ್ದೆ ತೆಗೆದು ಬರುತ್ತಿದ್ದರು. ಮೈದುನನ ಊಟ ಡಬ್ಬಿಯಲ್ಲಿ ಲ್ಯಾಬಿಗೇ ಬರುತ್ತಿತ್ತು. ಒಂದು ದಿನ ಮರಳಿ ಬಂದು ಆಟ ನೋಡಿದರೆ ಒಂದು ಕಪಾಟಿನ ಸಾಲು ಪೂರ್ತಿ ಕೆಟ್ಟಿದೆ. ಉದ್ದದ್ದರ ಪಕ್ಕ ಗಿಡ್ಡದ್ದು, ದಪ್ಪದ್ದರ ಮಗ್ಗುಲಿಗೆ ತೆಳ್ಳನೆಯದು. ಮುಳುಗಿ ಸತ್ತವರ ಕುರಿತ ಪುಸ್ತಕ ಮೇಣದಬತ್ತಿ ಮಾಡುವವರ ಪುಸ್ತಕದಿಂದ ದೂರ ಸರಿದು, ಬಾವಿ ತೋಡುವವರ ಪುಸ್ತಕದ ಪಕ್ಕ ಹಾಯಾಗಿ ನಿಂತಿದೆ. ಮೇಲೆ ದೀಪ ಉರಿಯುತ್ತಿದೆ.

ಮಾಟದ ಲೈಬ್ರರಿ ಅಂದ ಮೇಲೆ ಅಲ್ಲಿ ದೆವ್ವ ಇರಬೇಕಾದ್ದು ನ್ಯಾಯವೇ ಎಂದುಕೊಂಡರು ಭಾವ. ಮರುದಿನ ಪರೀಕ್ಷೆಗೆಂದು ಬೇಕೆಂತಲೇ ಇನ್ನೊಂದು ಕಪಾಟನ್ನು ಕಲಸಿಟ್ಟು ಊಟಕ್ಕೆ ಹೋದರು. ಬಂದು ನೋಡಿದಾಗ ಅಲ್ಲೂ ದೀಪ. ಅಲ್ಲಿಂದ ಅವರಿಗೂ ದೆವ್ವಕ್ಕೂ ಸ್ನೇಹ ಬೆಳೆಯಿತು. ತಮಗೆ ಬಗೆಹರಿಯದ ಪುಸ್ತಕವನ್ನು ಆಟದೊಳಗಿನ ಓದುವ ಮೇಜಿನ ಮೇಲಿಟ್ಟು ಹೋಗುವುದು, ದೆವ್ವ ಅದನ್ನು ಎಲ್ಲಿಟ್ಟಿದೆ ಎಂದು ಬಂದು ಹುಡುಕುವುದು, ಅಲ್ಲೇ ಏಕೆ ಇಟ್ಟಿತು ಎಂದು ಪ್ಲಾಸ್ಟರ್ ಒಣಗುವ ತನಕ ಯೋಚಿಸುವುದು. ಹೀಗೆ ಯೋಚಿಸಿ ಯೋಚಿಸಿ ಅವರಿಗೂ ಪುಸ್ತಕಗಳ ಗುಣ ಅಷ್ಟಿಷ್ಟು ತಿಳಿಯತೊಡಗಿತು. ಕೋಪದ ಪುಸ್ತಕಕ್ಕೆ ಕಿಟಕಿ ಬೇಕು, ಗುಟ್ಟಿನ ಪುಸ್ತಕಕ್ಕೆ ಗೋಡೆಯ ಬದಿ ಬೇಕು. ಗಿಡಮೂಲಿಕೆಯ ಪುಸ್ತಕ ಮಾತ್ರ ಯಾರ ಜೊತೆಗಾದರೂ ಹೊಂದಿಕೊಂಡು ಹೋಗುತ್ತದೆ, ಮನೆಗೊಬ್ಬರು ಇರುತ್ತಾರಲ್ಲ, ಹಾಗೆ. ನೆರಳಿಲ್ಲದ ಹೆಂಗಸಿಗೆ ಅವರು ತಾವೇ ಆರಿಸಿಕೊಟ್ಟ ಪುಸ್ತಕ ಫಲಿಸಿ, ಅವಳ ಕಾಲಬುಡದಲ್ಲಿ ಕಪ್ಪನೆಯದೊಂದು ತೆಳುವಾಗಿ ಮೂಡಿದಾಗ, ಭಾವನ ಕಣ್ಣು ಒದ್ದೆಯಾಯಿತು. ಮೇಜಿನ ಆ ಬದಿಯವನು ನೋಡದಿರಲಿ ಎಂದು ತಪ್ಪನ್ನು ಪ್ಲಾಸ್ಟರ್ ಧೂಳಿನ ಮೇಲೆ ಹಾಕಿ ಒರೆಸಿಕೊಂಡರು.

“ಏನ್ ತಿಳಿವಳಿಕೆ ಅಂತೀಯ ಆ ದೆವ್ವಕ್ಕೆ,” ಎಂದರು ಊಟದ ಹೊತ್ತಿನಲ್ಲಿ ಹೆಂಡತಿಗೆ. “ಅದರಲ್ಲಿ ಕಾಲು ಭಾಗ ನಿನ್ನ ತಮ್ಮನಿಗೆ ಇದ್ದಿದ್ರೆ ನಾನು ಅವನ ಹಲ್ಲು ಯಾಕೆ ಮುಟ್ತಿದ್ದೆ?”

ಹೆಂಡತಿ ಅವರನ್ನೇ ನೋಡಿದಳು. ಗಂಡ ದೆವ್ವವನ್ನು ಹೊಗಳುವುದು ಸರಿಯೋ ತಪ್ಪೋ ತೀರ್ಮಾನವಾಗದೆ ತಟ್ಟೆಗೆ ಇನ್ನಷ್ಟು ಬಡಿಸಿದಳು.

ತಿಂಗಳು ಮುಗಿಯುತ್ತ ಬಂದಿತ್ತು. ಭಾನುವಾರ ಮಗಳು ಫೋನು ಮಾಡಿದಾಗ ಭಾವ ದೆವ್ವದ ಗುಣಗಾನ ತೆಗೆದರು. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಪ್ಪಾ, ಆ ಆಟದಲ್ಲಿ ದೆವ್ವ ಇಲ್ಲ.”

“ಇದೆ ಕಣಮ್ಮ. ನಾನು ಊಟಕ್ಕೆ ಹೋದಾಗ ಬರುತ್ತೆ.”

“ಪುಸ್ತಕ ತಾನಾಗಿ ಜಾಗ ಬಿಟ್ಟು ಅಲ್ಲಾಡಲ್ಲ ಅಪ್ಪ. ನೀವು ಊಟಕ್ಕೆ ಹೋದಾಗ ಲ್ಯಾಬಲ್ಲಿ ಯಾರಿರ್ತಾರೆ?”

ಭಾವ, ಊಟಕ್ಕೆ ಹೊತ್ತಾಯಿತು ಎಂದು ಫೋನಿಟ್ಟರು.

ಸೋಮವಾರ ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದು ಲ್ಯಾಬಿನ ಗಾಜಿನ ಬಾಗಿಲಾಚೆ ನಿಂತರು. ಒಳಗೆ ಮೈದುನ ಕಂಪ್ಯೂಟರಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಬಿಚ್ಚಿದ ಡಬ್ಬಿ ಆರುತ್ತಿತ್ತು. ತೆರೆಯ ಮೇಲೆ, ಭಾವನಿಗೂ ದೆವ್ವಕ್ಕೂ ಇನ್ನೂ ಬಗೆಹರಿಯದೆ ತಲೆನೋವಾಗಿದ್ದ ಒಂದು ಪುಸ್ತಕ. ತೆರೆದರೆ ನಿಟ್ಟುಸಿರು ಬಿಡುತ್ತದೆ, ಯಾವ ಕಪಾಟಿಗೆ ಇಟ್ಟರೂ ಅಲ್ಲಿನ ದೀಪ ಆರಿಸುತ್ತದೆ. ಮೈದುನ ಅದನ್ನು ಒಂದು ಸಾಲಿನ ಹತ್ತಿರ ಒಯ್ದ, ಇಡಲಿಲ್ಲ. ತಲೆ ವಾರೆ ಮಾಡಿ ನೋಡಿದ. ಇನ್ನೊಂದು ಸಾಲಿಗೆ ಒಯ್ದ, ಅಲ್ಲೂ ಇಡಲಿಲ್ಲ. ಅವನು ಇಟ್ಟು ಮುಗಿಸಿದ ಹಲ್ಲನ್ನು ಭಾವ ಇಷ್ಟು ವರ್ಷ ನೋಡಿದ್ದರು. ಇಡುವ ಮುಂಚೆ ಅವನು ಇಷ್ಟು ಹೊತ್ತು ಸುಮ್ಮನಿರುತ್ತಾನೆ ಎನ್ನುವುದನ್ನು ನೋಡಿರಲಿಲ್ಲ.

ಅವರು ಬಾಗಿಲು ತಳ್ಳಿದರು. ಮೈದುನ ಗಡಬಡಿಸಿ ಎದ್ದ. ಭಾವ ಸ್ಟೂಲು ಎಳೆದುಕೊಂಡು ಅವನ ಪಕ್ಕಕ್ಕೇ ಕೂತರು. ಫ್ಯಾನಿನ ಕಡೆ ನೋಡಲಿಲ್ಲ.

“ಅದನ್ನ ಎಲ್ಲಿಡ್ತೀಯ?”

ಮೈದುನನೂ ಕ್ಯಾಲೆಂಡರಿನ ಕಡೆ ತಿರುಗಲಿಲ್ಲ. ನಿಧಾನಕ್ಕೆ ಕೂತ. “ಗೊತ್ತಾಗ್ತಿಲ್ಲ ಭಾವ. ಎಲ್ಲಿಟ್ರೂ ಪಕ್ಕದವು ಮಂಕಾಗ್ತವೆ.”

“ನಾನು ದೆವ್ವ ಅಂದ್ಕೊಂಡಿದ್ದೆ.”

“ಅಕ್ಕ ಹೇಳಿದ್ಲು. ದೆವ್ವದ ಕಾಲು ಭಾಗ ತಿಳಿವಳಿಕೆ ನನಗಿಲ್ಲ ಅನ್ನೋದನ್ನೂ ಹೇಳಿದ್ಲು.”

ಭಾವನ ಮುಖ ಕೆಂಪಾಯಿತು. ನಾಚಿಕೆಯನ್ನು ಮುಚ್ಚಿಕೊಳ್ಳಲು ಕೋಪ ಎಲ್ಲರಿಗೂ ಕೈಗೆಟುಕುವಷ್ಟು ದೂರದಲ್ಲೇ ಇರುತ್ತದೆ. ಅವರಿಗೂ ಸಿಕ್ಕಿತು. “ಅದಿರ್ಲಿ. ನಾನು ಅಷ್ಟು ಕಷ್ಟಪಟ್ಟು ಜೋಡಿಸಿಟ್ಟಿದ್ದು. ಮುಟ್ಟೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ಮೈದುನ ಅವರನ್ನೇ ನೋಡಿದ. ಆ ಮಾತು ಎದುರಿನ ಗೋಡೆಗೆ ಬಡಿದು, ಪ್ಲಾಸ್ಟರ್ ದವಡೆಗಳ ಸಾಲನ್ನು ದಾಟಿಕೊಂಡು, ಆಡಿದವರ ಕಿವಿಗೇ ವಾಪಸು ಬಂತು. ಭಾವ ತಮ್ಮ ಕೈಗಳನ್ನು ನೋಡಿಕೊಂಡರು. ಹೊರಗೆ ಯಾವುದೋ ಸೈಕಲ್ಲು ಗಂಟೆ ಹೊಡೆಯುತ್ತ ಹೋಯಿತು.

“ಹೋಗಬೇಡ,” ಎಂದರು. “ಇನ್ಮೇಲೆ ನೀನಿಟ್ಟ ಹಲ್ಲು ನಾನು ಮುಟ್ಟಲ್ಲ.”

“ಅದು ನಿಮ್ಮ ಕೈಲಾಗಲ್ಲ ಭಾವ. ನಿಮ್ಮ ಪುಸ್ತಕದ ಸಾಲು ನೋಡಿ ನನ್ನ ಕೈಲೂ ಆಗ್ಲಿಲ್ಲ.” ಅವನು ಡಬ್ಬಿಯ ಮುಚ್ಚಳ ಹಾಕಿದ. “ಕೇಳಿ ಮುಟ್ಟಿ. ನಾನೂ ಕೇಳ್ತೀನಿ.”

ಆಮೇಲೆ ಅವನು ಮೊಬೈಲು ಹಿಡಿದು ಹೊರಗೆ ಹೋದ. ಭಾವ ಫ್ಯಾನು ಆರಿಸಿ ಕಿವಿ ನಿಮಿರಿಸಿದರು, ಒಂದಕ್ಷರವೂ ಕೇಳಿಸಲಿಲ್ಲ. ಅವನು ಒಳಗೆ ಬಂದು, ತನಗೆ ಬರಲಾಗುವುದಿಲ್ಲ ಎಂದು ಆ ದೊಡ್ಡ ಲ್ಯಾಬಿನವರಿಗೆ ಹೇಳಿಬಿಟ್ಟೆ, ಬೈದರು ಎಂದ. ಬೈಯಲಿ ಬಿಡು ಎಂದು ಭಾವ ಮತ್ತೆ ಫ್ಯಾನು ಹಾಕಿದರು. ಆ ಬೈಗುಳ ಅವರಿಗೆ ತಮಗೇ ಸಿಕ್ಕ ಪದಕದಷ್ಟು ಹಿತವಾಗಿತ್ತು.

ಮೇಜಿನ ಮೇಲೆ ಕ್ಷೌರಿಕನೊಬ್ಬನ ಹಲ್ಲಿನ ಸೆಟ್ಟು ಇತ್ತು, ಬೆಳಿಗ್ಗೆ ಮೈದುನ ಮೇಣದಲ್ಲಿ ನಿಲ್ಲಿಸಿದ್ದು. ಭಾವ ಅದರ ಮೇಲೆ ಬಗ್ಗಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

“ಈ ಕೋರೆಹಲ್ಲು ಸ್ವಲ್ಪ ಮುಂದೆ ಬಂದಿದೆ ಅನ್ಸುತ್ತೆ. ಬೇಕು ಅಂತಲೇ ಇಟ್ಟಿದ್ದಾ?”

ಮೈದುನ ಸೆಟ್ಟನ್ನು ಬೆಳಕಿಗೆ ಹಿಡಿದ. ಕ್ಷೌರಿಕನ ಫೋಟೋದ ಮೇಲೆ ಭೂತಕನ್ನಡಿ ಇಟ್ಟ. ಮತ್ತೆ ಸೆಟ್ಟು ನೋಡಿದ. “ಇಲ್ಲ. ಇದು ಕೈತಪ್ಪು. ನೀವೇ ತಳ್ಳಿ.”

ಭಾವ ದೀಪ ಹಚ್ಚಿ, ಚಾಕು ಬಿಸಿ ಮಾಡಿ, ಮೇಣಕ್ಕೆ ತಾಗಿಸಿ ಹಲ್ಲನ್ನು ಒಳಗೆ ಒತ್ತಿದರು.

“ಸಾಕಾ?”

“ಸಾಕು.”

“ಇನ್ನೊಂದು ಚೂರು ಒತ್ತಿದ್ರೆ ಸಾಲಿಗೆ ಬರುತ್ತೆ.”

“ಭಾವ.”

ಭಾವ ಕೈ ತೆಗೆದರು.