ಎರಡೇ ಅಡುಗೆಯ ಹೋಟೆಲು

ಮೊನ್ನೆ ಯಳಂದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಹಬೆಯ ಜೊತೆ ಒದ್ದೆ ಬಟ್ಟೆಯ ವಾಸನೆ ಬಂತು. ಹಿಟ್ಟಿನ ಹುಳಿಯಲ್ಲಿ ನೆನೆದು, ಸೌದೆಯ ಹೊಗೆಯಲ್ಲಿ ಬೆಂದ ಹತ್ತಿ ಬಟ್ಟೆಯ ವಾಸನೆ. ಅದನ್ನು ಒಮ್ಮೆ ಮೂಗಿಗೆ ತುಂಬಿಕೊಂಡವರು ಮರೆಯುವುದಿಲ್ಲ, ನಿಮಗೂ ಗೊತ್ತಿರುತ್ತದೆ. ನಿಂತಲ್ಲೇ ನಾನು ಕಾಮಗೆರೆಯಲ್ಲಿದ್ದೆ, ನಮ್ಮ ದೊಡ್ಡಮ್ಮನ ಹೋಟೆಲಿನ ಒಲೆಯ ಮುಂದೆ.

ಲೊಕ್ಕನಹಳ್ಳಿಯ ನಮ್ಮ ಮನೆಯಿಂದ ಓದಲೆಂದು ನನ್ನನ್ನು ಅಲ್ಲಿ ಬಿಟ್ಟಿದ್ದರು. ಹನೂರಿನ ರಸ್ತೆಗೆ ಮುಖ ಮಾಡಿದ ಹೆಂಚಿನ ಮನೆ. ಮುಂದಿನ ಅಂಕಣವೇ ಹೋಟೆಲು, ಹಿಂದಿನದು ಸಂಸಾರ. ನಮ್ಮಮ್ಮನ ಅಕ್ಕ ಚಿಕ್ಕತಾಯಮ್ಮ ಅಲ್ಲಿ ಬೆಳಿಗ್ಗೆ ಇಡ್ಲಿ ಮಾಡುತ್ತಿದ್ದಳು, ಮಧ್ಯಾಹ್ನ ಮುದ್ದೆ ಉಪ್ಸಾರು. ಅಷ್ಟೇ. ಹಬ್ಬ ಬರಲಿ, ನೆಂಟರು ಬರಲಿ, ನಮಗೆ ಜ್ವರ ಬರಲಿ, ಅಷ್ಟೇ. ಸ್ಕೂಲಿನಲ್ಲಿ ಹುಡುಗಿಯರು ನನ್ನನ್ನು ‘ಉಪ್ಸಾರು’ ಎಂದೇ ಕರೆಯುತ್ತಿದ್ದರು. ಒಂದು ದಿನವಾದರೂ ಚಿತ್ರಾನ್ನ ಮಾಡು ಎಂದು ನಾನು ಕಾಲು ನೆಲಕ್ಕೆ ಬಡಿದು ಅತ್ತರೆ ದೊಡ್ಡಮ್ಮ ಖಾರ ರುಬ್ಬುವ ಕೈ ನಿಲ್ಲಿಸದೆ, “ನಾಕ್ ಒಲೆ ಮೇಲೆ ಕಣ್ಣಿಟ್ರೆ ನಾಕೂ ಸೀಯ್ತವೆ ಕಣವ್ವ” ಎನ್ನುತ್ತಿದ್ದಳು. ಅಂಥ ಹಟಮಾರಿಯನ್ನು ನಾನು ಮತ್ತೆ ಕಂಡಿಲ್ಲ.

ಅವಳ ಹಟಕ್ಕೆ ಸರಿಸಾಟಿಯಾಗಿ ದೊಡ್ಡಪ್ಪನಿಗೆ ಆಸೆಯಿತ್ತು. ಮಾದಪ್ಪನ ಬೆಟ್ಟಕ್ಕೆ ಹೋಗುವ ವ್ಯಾನುಗಳು ಮನೆಮುಂದೆ ನಿಲ್ಲುತ್ತಿದ್ದವು. ಇಳಿದವರು “ಪೂರಿ ಇದ್ಯಾ, ಮಸಾಲೆ ದೋಸೆ ಇದ್ಯಾ” ಎಂದು ಕೇಳಿ, ಇಲ್ಲವೆಂದಾಗ ಮತ್ತೆ ಹತ್ತಿ ಹೋಗುತ್ತಿದ್ದರು. ಆ ವ್ಯಾನಿನ ಧೂಳು ಇಳಿಯುವವರೆಗೂ ದೊಡ್ಡಪ್ಪ ಬಾಗಿಲಲ್ಲಿ ನಿಂತಿರುತ್ತಿದ್ದರು, ಯಾರೋ ಸ್ವಂತದವರು ಮುನಿಸಿಕೊಂಡು ಹೋದರೇನೋ ಎಂಬಂತೆ. ಕೊನೆಗೊಂದು ದಿನ ಹೆಂಡತಿಯನ್ನು ಒಂದು ಮಾತೂ ಕೇಳದೆ ಕೊಳ್ಳೇಗಾಲದಿಂದ ದೋಸೆಕಲ್ಲು ತಂದರು. ಅದರ ಹಿಂದೆಯೇ ಅಡುಗೆಯವನೊಬ್ಬನೂ ಬಂದ. ಗೋಡೆಯ ಮೇಲೆ ಪೂರಿ, ದೋಸೆ, ಪಲಾವು, ಬೋಂಡ ಎಂದು ಕೆಂಪು ಬಣ್ಣದಲ್ಲಿ ಬರೆಸಿದರು.

ದೊಡ್ಡಮ್ಮ ಜಗಳವಾಡಲಿಲ್ಲ. ಆಡಿದ್ದರೆ ನಮಗೆಲ್ಲ ಎಷ್ಟೋ ಸುಖವಿತ್ತು. ಅವಳು ಇಡ್ಲಿ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಿಲಿಗೆ ನಡೆದಳು. ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಮಾರನೆಯ ದಿನದಿಂದ ಒಂದೇ ಮನೆಗೆ ಎರಡು ಹೋಟೆಲು. ಸ್ಕೂಲಿನ ಮೇಷ್ಟ್ರು, ಗಾಡಿಯವರು, ಬಸ್ಸಿನ ಕಂಡಕ್ಟರು ಎಲ್ಲರೂ ಮನೆಯ ಪಕ್ಕದ ಸಂದಿಯಲ್ಲಿ ನುಸುಳಿ ಹಿತ್ತಿಲಿಗೆ ಹೋಗತೊಡಗಿದರು. “ಇಲ್ಲಿ ಬಿಸಿ ಪೂರಿ ಅದೆ, ಬನ್ರಪ್ಪ” ಎಂದು ದೊಡ್ಡಪ್ಪ ಕೂಗಿದರೆ ಕಂಡಕ್ಟರು, “ಇರ್ಲಿ ಬುಡಿ ಯಜಮಾನ್ರೆ, ನಮ್ಗೆ ಅಕ್ಕನ್ ಕೈದೇ ಸಾಕು” ಎಂದು ನಗುತ್ತಾ ದಾಟಿಹೋಗುತ್ತಿದ್ದ.

ಮಾತು ನಿಂತಿತು. ನಡುವೆ ಸಿಕ್ಕಿಕೊಂಡವಳು ನಾನು. “ಸೌದೆ ಮುಗ್ದದೆ ಅಂತ ನಿಮ್ಮ ದೊಡ್ಡಪ್ಪಂಗೆ ಯೋಳವ್ವ” ಎಂದು ಹಿಂದಿನಿಂದ. “ಅಲ್ಲೇ ಕೊಟ್ಗೆಲಿ ಬಿದ್ದದೆ ಅಂತ ಯೋಳು” ಎಂದು ಮುಂದಿನಿಂದ. ಪುಸ್ತಕ ತೆರೆದರೆ ಮತ್ತೆ ಕರೆ. ಒಂದು ಸಂಜೆ ರೋಸಿಹೋಗಿ, “ಇಬ್ರೂ ಒಂದೇ ಗ್ವಾಡೆ ಆಚೆ ಈಚೆ ಕುಂತಿದ್ದೀರಿ, ನೀವೇ ಯೋಳ್ಕಳಿ!” ಎಂದು ನಡುಮನೆಯಲ್ಲಿ ನಿಂತು ಕಿರುಚಿದೆ. ಮಾರನೆಯ ಬೆಳಿಗ್ಗೆ ಇಬ್ಬರೂ ಮತ್ತೆ ನನ್ನನ್ನೇ ಕರೆದರು. ಅದಕ್ಕಿಂತ ಕೆಟ್ಟದ್ದು ಊಟ. ಮುಂದೆ ಖರ್ಚಾಗದ ಸಾಗು, ತಣ್ಣಗಾದ ಬೋಂಡ, ಮೆತ್ತಗಾದ ಪೂರಿ ದಿನಾ ನನ್ನ ತಟ್ಟೆಗೇ ಬೀಳುತ್ತಿದ್ದವು. ಬಗೆಬಗೆಯ ತಿಂಡಿಗಾಗಿ ಅತ್ತಿದ್ದ ನಾನು, ಹಿತ್ತಿಲಿಂದ ಬರುವ ಉಪ್ಸಾರಿನ ವಾಸನೆಗೆ ಕದ್ದು ಮೂಗೊಡ್ಡುತ್ತಿದ್ದೆ.

ಒಂದು ಬೆಳಿಗ್ಗೆ ಅಡುಗೆಯವನು ಬರಲಿಲ್ಲ. ದೊಡ್ಡಪ್ಪ ತಾವೇ ಕಲ್ಲಿನ ಮುಂದೆ ನಿಂತು ಹಿಟ್ಟು ಹುಯ್ದರು. ದೋಸೆ ಏಳಲಿಲ್ಲ. ಕೆರೆದರು, ಮತ್ತೆ ಹುಯ್ದರು, ಅದೂ ಕಚ್ಚಿಕೊಂಡಿತು. ಸೌಟು ಕೆಳಗಿಟ್ಟು, ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ನಡೆದರು. ಒಳಬಾಗಿಲಿಂದ ಹೋಗಲು ಅವರಿಗೆ ಮನಸ್ಸು ಬರಲಿಲ್ಲವೇನೋ. ಗಿರಾಕಿಗಳ ಹಾಗೆಯೇ ಸಂದಿಯಲ್ಲಿ ಸುತ್ತಿ ಬಂದು, ಮರದ ಕೆಳಗಿನ ಹಲಗೆಯ ತುದಿಯಲ್ಲಿ ಕೂತರು. ಎಲ್ಲರ ಕೈಯೂ ಬಾಯಿಯ ಹತ್ತಿರವೇ ನಿಂತಿತು.

ದೊಡ್ಡಮ್ಮ ತಲೆ ಎತ್ತದೆ ಅವರ ಮುಂದೆ ಮುತ್ತುಗದ ಎಲೆ ಹಾಕಿದಳು.

“ಏನ್ ಬೇಕು?”

“ಏನದೆ?”

“ಇಡ್ಲಿ ಅದೆ. ಅದ್ ಬ್ಯಾಡ ಅಂದ್ರೆ, ಇಡ್ಲಿ ಅದೆ.”

ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸುವವರ ಹಾಗೆ ಮಾಡಿದರು. “ಅಂಗಾರೆ ಇಡ್ಲಿನೇ ಆಕು” ಎಂದರು. ಕಂಡಕ್ಟರಿಗೆ ನಗು ತಡೆಯಲಾರದೆ ನೆತ್ತಿಗೆ ಹತ್ತಿತು. ದೊಡ್ಡಮ್ಮ ನಗಲಿಲ್ಲ. ಆದರೆ ಚಟ್ನಿಯನ್ನು ಎಂದಿಗಿಂತ ಜಾಸ್ತಿ ಹಾಕಿದ್ದನ್ನು ನಾನು ಕಂಡೆ. ಆ ವಾರವೇ ಒಲೆ ಮತ್ತೆ ಮುಂದಿನ ಅಂಕಣಕ್ಕೆ ಬಂತು, ಗೋಡೆಯ ಕೆಂಪು ಅಕ್ಷರಗಳ ಮೇಲೆ ಸುಣ್ಣ ಬಿತ್ತು.

ಈಗ ಆ ಗೋಡೆಯೂ ಇಲ್ಲ. ದೊಡ್ಡಮ್ಮ ತೀರಿಕೊಂಡ ಮೇಲೆ ರಸ್ತೆ ಅಗಲವಾಯಿತು, ಮನೆ ಹೋಯಿತು. ದೊಡ್ಡಪ್ಪ ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋಗಿದ್ದ ಮಗಳ ಮನೆಗೆ ಬಂದರು. ಒಂದು ಸಲ ಅವರನ್ನು ಅಲ್ಲಿನ ಹೊಸ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಪುಟ ತಿರುಗಿಸಿದಷ್ಟೂ ಮುಗಿಯದ ಮೆನು. ಉತ್ತರದ ಊಟ, ಚೀನಾದ ಊಟ, ಗೋಬಿಯಲ್ಲೇ ಹತ್ತಾರು ಬಗೆ. ಇಷ್ಟೆಲ್ಲದರಲ್ಲಿ ಒಂದಾದರೂ ಬಾಯಿಗೆ ಹತ್ತುವ ಹಾಗೆ ಮಾಡುತ್ತಾರೆಯೇ ಎಂದರೆ ಅದಿಲ್ಲ, ಎಲ್ಲಕ್ಕೂ ಅದೇ ಕೆಂಪು ಸಾಸು. ಇದು ಊಟವೋ ಪರೀಕ್ಷೆಯೋ ಎಂದು ನಾನು ಗೊಣಗುತ್ತಿದ್ದೆ. ಸಪ್ಲೈಯರ್ ಬಂದು ಉಸಿರು ಬಿಡದೆ ಹೆಸರುಗಳನ್ನು ಒಪ್ಪಿಸಿದ. ದೊಡ್ಡಪ್ಪ ಕೊನೆಯವರೆಗೂ ಶ್ರದ್ಧೆಯಿಂದ ಕೇಳಿಸಿಕೊಂಡರು. ಅವನು ಅತ್ತ ಹೋದ ಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

“ಇಷ್ಟೊಂದ್ನೆಲ್ಲ ಒಳ್ಗೆ ಯಾರವ್ವ ಮಾಡದು? ಪಾಪ, ಅವ್ಳಿಗೆ ಒಂದ್ಗಳ್ಗೆ ಕೂರಕ್ಕಾದ್ರೂ ಆಯ್ತದಾ?”

ಅಡುಗೆಮನೆಯ ಬಾಗಿಲಿಗೆ ನೀಲಿ ಪರದೆ ಬಿಟ್ಟಿದ್ದರು. ತಟ್ಟೆ ಬರುವವರೆಗೂ ದೊಡ್ಡಪ್ಪ ಆ ಪರದೆಯನ್ನೇ ನೋಡುತ್ತಾ ಕೂತಿದ್ದರು.