ಅಪ್ಪ ಬಿಗಿದ ಗಂಟು

ಮಗ್ಗದ ಸದ್ದು ಕೇಳಿದರೆ ಸಾಕು, ಅಪ್ಪ ಕುಡಿದಿದ್ದಾನೋ ಇಲ್ಲವೋ ಎಂದು ಸುಂಕಮ್ಮ ಹೇಳಿಬಿಡುತ್ತಿದ್ದಳು. ಲಾಳಿ ಒಂದೇ ಹದದಲ್ಲಿ ಓಡುತ್ತಿದ್ದರೆ ಆ ದಿನ ಮನೆಯಲ್ಲಿ ನೆಮ್ಮದಿ. ತಡವರಿಸಿತೆಂದರೆ ಪುಟ್ಟ ತಂಗಿ ಶೇಷಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ಮನೆ ಸೇರುವುದೇ ವಾಸಿ. ಸರ್ಕಾರ ಪಾನನಿಷೇಧ ಮಾಡಿತ್ತು ಅನ್ನಿ. ಕುಡಿಯಲೇಬೇಕೆಂದು ಹೊರಟವನಿಗೆ ಅದು ಯಾವ ಅಡ್ಡಿ? ಎಮ್ಮಿಗನೂರಿನ ಹೊರಗೆ, ಜಾಲಿಗಿಡಗಳ ಮರೆಯಲ್ಲಿ ಕಳ್ಳಭಟ್ಟಿ ಸಾರಾಯಿ ಅವನಿಗಾಗಿ ಕಾದೇ ಇರುತ್ತಿತ್ತು.

ಅವಳಪ್ಪ ಉಚ್ಚೀರಪ್ಪ ಓಣಿಗೆಲ್ಲ ಹೆಸರಾದ ನೇಕಾರ. ಅವನು ನೇಯ್ದ ಸೀರೆಯ ಅಂಚನ್ನು ಬೆರಳಿಂದ ಮುಟ್ಟಿಯೇ ಗುರುತು ಹಿಡಿಯಬಹುದು, ಅಷ್ಟು ಸಮ. ಕುಡಿತ ಹೆಚ್ಚಾದ ಮೇಲೆ ಕೈ ನಡುಗತೊಡಗಿತು. ನೂಲು ಕೊಡುವ ಸಾಹುಕಾರ ಚಂದ್ರಣ್ಣ ಒಂದು ಸೀರೆಯನ್ನು ಹಿಂದಕ್ಕೆಸೆದು, ಇನ್ನೊಮ್ಮೆ ಹೀಗಾದರೆ ನೂಲಿಲ್ಲ ಎಂದ.

ಆಗ ಸುಂಕಮ್ಮನಿಗೆ ಹನ್ನೊಂದು ವರ್ಷ. ಅವ್ವ ಜಂಬಮ್ಮನ ಜೊತೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದಷ್ಟೇ ಅವಳ ಕೆಲಸ. ಅಪ್ಪ ಪಡಸಾಲೆಯಲ್ಲಿ ಮೈಮರೆತು ಬಿದ್ದಿದ್ದ ಒಂದು ಮಧ್ಯಾಹ್ನ ಅವಳೇ ಮಗ್ಗದ ಕೆಳಗಿನ ಗುಣಿಗಿಳಿದಳು. ತುಳಿಯುವ ಹಲಗೆಗೆ ಕಾಲು ನಿಲುಕಲಿಲ್ಲ. ಎರಡು ಕಟ್ಟಿಗೆ ತುಂಡುಗಳನ್ನು ಹಲಗೆಯ ಮೇಲಿಟ್ಟು ಹಳೆ ಸೀರೆಯ ಚೂರಿನಿಂದ ಕಟ್ಟಿ, ಅಪ್ಪನ ಹದವನ್ನೇ ನೆನಪಿಸಿಕೊಂಡು ನೇಯ್ದಳು. ಸಂಜೆ ಎದ್ದ ಅಪ್ಪ ಬಟ್ಟೆಯನ್ನು ಒಮ್ಮೆ ಸವರಿದ, ಏನೂ ಕೇಳಲಿಲ್ಲ. ಕುಡಿದ ಮತ್ತಿನಲ್ಲಿ ತಾನೇ ನೇಯ್ದೆನೆಂದು ಅವನು ತಿಳಿದಿರಬೇಕೆಂದು ತಾಯಿ ಮಗಳು ಉಸಿರು ಬಿಟ್ಟರು. ಮರುದಿನ ನೋಡಿದರೆ ಸಡಿಲವಾಗಿದ್ದ ತುಂಡುಗಳನ್ನು ಯಾರೋ ನೂಲಿನ ಹುರಿಯಲ್ಲಿ ಬಿಗಿಯಾಗಿ ಕಟ್ಟಿದ್ದರು. ಅವ್ವನ ಕೆಲಸವೆಂದುಕೊಂಡಳು ಸುಂಕಮ್ಮ. ಮಗಳ ಕೆಲಸವೆಂದುಕೊಂಡಳು ಜಂಬಮ್ಮ.

ಉಚ್ಚೀರಪ್ಪನ ಕೈ ಮತ್ತೆ ಕುದುರಿತು ಎಂದು ಚಂದ್ರಣ್ಣ ನಾಲ್ಕು ಜನರೆದುರು ಹೊಗಳಿದ. ಅಪ್ಪ ಎದೆಯುಬ್ಬಿಸಿ ನಡೆದ. ಮಾನ ಉಳಿದರೆ ಕುಡಿತ ತಾನಾಗಿ ಬಿಟ್ಟೀತೆಂದು ಆ ಹುಡುಗಿ ನಂಬಿದ್ದಳು, ಪಾಪ. ನಾಲ್ಕು ವರ್ಷ ನೇಯ್ದಳು. ಅಪ್ಪನ ಕುಡಿತ ಮಾತ್ರ ಹೊತ್ತು ಏರುವ ಮೊದಲೇ ಶುರುವಾಗತೊಡಗಿತು.

ಹದಿನೈದಕ್ಕೆ ಅವಳನ್ನು ಆಲೂರಿನ ಎರ್ರಿಸ್ವಾಮಿಗೆ ಕೊಟ್ಟರು. ಅವನದು ಪುಟ್ಟ ಬಟ್ಟೆ ಅಂಗಡಿ, ಕುಡಿಯದ ಮನುಷ್ಯ. ಹೊರಡುವ ಮುನ್ನ ಸುಂಕಮ್ಮ ಆ ತುಂಡುಗಳನ್ನು ಕಿತ್ತು ಒಲೆಗೆ ಹಾಕಿದಳು. ಇನ್ನು ಅಪ್ಪ ತಾನೇ ನೇಯಲೇಬೇಕು, ನೇಯಬೇಕಾದರೆ ಬಿಡಲೇಬೇಕು ಎಂಬುದು ಅವಳ ಆಸೆ.

ವರ್ಷದ ಮೇಲೆ ಪಂಚಮಿಗೆಂದು ತವರಿಗೆ ಬಂದಳು. ಹೊಸ್ತಿಲಲ್ಲೇ ಮಗ್ಗದ ಸದ್ದು, ಒಂದೇ ಹದ. ಅಪ್ಪ ಬಿಟ್ಟನೇನೋ ಎಂದು ಅವಳ ಕಣ್ಣು ತುಂಬಿತು. ಒಳಗೆ ಹೋದರೆ ಗುಣಿಯಲ್ಲಿ ಒಂಬತ್ತು ವರ್ಷದ ಶೇಷಮ್ಮ ಕೂತಿದ್ದಳು. ಕಾಲ ಕೆಳಗೆ ಹೊಸ ಕಟ್ಟಿಗೆ ತುಂಡುಗಳು, ಅದೇ ನೂಲಿನ ಹುರಿ, ಅದೇ ಗಂಟು.

ಯಾಕೆ ಕಟ್ಟಿಕೊಟ್ಟೆ ಎಂದು ಅವ್ವನ ಮೇಲೆ ಸಿಡುಕಿದಳು. ತಾನು ಯಾವತ್ತೂ ಕಟ್ಟಿಲ್ಲವೆಂದು ಜಂಬಮ್ಮ ಆಣೆಯಿಟ್ಟಳು. ಪಡಸಾಲೆಯಲ್ಲಿ ಗೋಡೆಗೊರಗಿದ್ದ ಉಚ್ಚೀರಪ್ಪ ತಲೆಯೆತ್ತಲಿಲ್ಲ.

"ನಂಗ ಗೊತ್ತಿಲ್ಲ ಅನ್ಕೊಂಡಿದ್ದೇನವ್ವ?" ಎಂದ. "ಅವತ್ತು ನೀ ಕಟ್ಟಿದ್ದು ಸಡ್ಲ ಇತ್ತು. ಕಾಲು ಜಾರಿ ಪೆಟ್ಟು ಮಾಡ್ಕೊಂತಿ ಅಂತ ಬಿಗಿ ಮಾಡಿದಾಂವ ನಾನ."

ಸುಂಕಮ್ಮನಿಗೆ ಸಿಟ್ಟು ಬರಲಿಲ್ಲ. ನಾಲ್ಕು ವರ್ಷ ತಾನು ಮುಚ್ಚಿಟ್ಟಿದ್ದೆಂದುಕೊಂಡ ಗುಟ್ಟಿನ ಮೇಲೆ ಅಪ್ಪ ಹಾಯಾಗಿ ಮಲಗಿದ್ದ.

ಗಂಟು ಬಿಚ್ಚಲು ನೋಡಿದಳು. ಅದು ಅಪ್ಪನ ಕೈ ನಡುಗದ ಹೊತ್ತಿನಲ್ಲಿ ಬಿದ್ದ ಗಂಟು, ಬಿಚ್ಚಿಕೊಳ್ಳಲಿಲ್ಲ. ಕುಡುಗೋಲು ತಂದು ಕೊಯ್ದಳು. "ಇಕಿ ನನ್ ಜೊತಿ ಬರ್ತಾಳ" ಎಂದಳು. ಜಂಬಮ್ಮ ಚಿಕ್ಕವಳ ಎರಡು ಲಂಗ ಮಡಚಿ ಕೊಟ್ಟಳು. ನೀನೂ ಬಾ ಎಂದರೆ ಗಂಡನ ಕಡೆ ನೋಡಿ ಬರಲಾರೆನೆಂದು ತಲೆಯಾಡಿಸಿದಳು.

ಆಲೂರಿಗೆ ಹೋಗುವ ಬಸ್ಸಿನಲ್ಲಿ ಶೇಷಮ್ಮ ಅಕ್ಕನ ಭುಜಕ್ಕೊರಗಿ ನಿದ್ದೆಹೋದಳು. ನಿದ್ದೆಯಲ್ಲೂ ಅವಳ ಕಾಲುಗಳು ಒಂದಾದ ಮೇಲೊಂದು ತುಳಿಯುತ್ತಲೇ ಇದ್ದವು. ಸುಂಕಮ್ಮ ಆ ಎರಡೂ ಪಾದಗಳನ್ನು ಮಡಿಲಿಗೆಳೆದುಕೊಂಡು ಊರು ಬರುವವರೆಗೆ ಹಿಡಿದೇ ಕೂತಳು.